ಕೈ ಬೀಸಿದರೇ ಬೆಳಕು

ತಲೆಗೆ ಸೋಪು ಹಚ್ಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಇವತ್ತು ಮನೆ ನೋಡಲು ಬರುವವರ ಮುಂದೆ ಏನು ಮಾತಾಡಲಿ ಎಂದು ಯೋಚಿಸುತ್ತ ಕೇದಾರಿ ಬಚ್ಚಲಲ್ಲಿ ಮಿಸುಕಾಡದೆ ಕೂತಿದ್ದ. ಕಣ್ಣು ತೆರೆದರೆ ಕತ್ತಲೆ. ಗಾಬರಿಯೇನೂ ಆಗಲಿಲ್ಲ, ಎರಡು ತಿಂಗಳಿಂದ ರೂಢಿಯಾಗಿ ಹೋಗಿತ್ತು. ಎರಡೂ ಕೈ ಎತ್ತಿ ಗಾಳಿಯಲ್ಲಿ ಬೀಸಿದ. ಛಾವಣಿಗೆ ಬಟ್ಟಲು ಬೋರಲು ಹಾಕಿದಂತೆ ಅಂಟಿಕೊಂಡಿದ್ದ ಸೆನ್ಸರ್ ಅವನ ಗುರುತು ಹಿಡಿದು ದೀಪ ಹೊತ್ತಿಸಿತು. ಆಗ ಹೊಳೆಯಿತು ನೋಡಿ.

“ಅವ್ವಾ! ದೇವರ ಖೋಲಿ!” ಅಲ್ಲಿಂದಲೇ ಕೂಗಿದ. “ವೀರಪ್ಪ ಕಾಕಾ ಪೂಜಾಕ್ಕ ಕುಂತಾಗ ಲೈಟ್ ಆರಿದ್ರ ಏನ್ ಮಾಡೂದು?”

ಹೂರಣ ರುಬ್ಬುತ್ತಿದ್ದ ಕಾಶೆವ್ವನ ಕೈ ನಿಂತಿತು. ಕೈ ನಿಂತದ್ದಕ್ಕೆ ಅಡುಗೆಮನೆಯ ದೀಪವೂ ಸ್ವಲ್ಪ ಹೊತ್ತಿಗೆ ಆರಿತು. “ಹೌದಲ್ಲೋ ಯಪ್ಪಾ!” ಎಂದು ಕತ್ತಲೆಯೊಳಗಿಂದ ಅವಳ ದನಿ ಬಂತು.

ಈ ಸೆನ್ಸರಿನ ಕತೆ ಇಷ್ಟೆ. ಗೋಕಾಕದ ಹಳೇ ಗಲ್ಲಿಯ ಮನೆ. ಮೊಳದಗಲದ ಮಣ್ಣಿನ ಗೋಡೆ, ಒಳಗಿನ ಕೋಣೆಗಳಿಗೆ ಕಿಟಕಿ ಇಲ್ಲ, ಮಟಮಟ ಮಧ್ಯಾಹ್ನವೂ ದೀಪ ಬೇಕು. ಒಂದು ಸಂಜೆ ಕಾಶೆವ್ವ ಸ್ವಿಚ್ಚಿಗಾಗಿ ಗೋಡೆ ತಡಕಾಡುತ್ತ ಹೊಸ್ತಿಲು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ತಾಯಿಯ ಕೈಗೆ ಹಾಕಿದ ಪ್ಲಾಸ್ಟರ್ ನೋಡಿ ಕೇದಾರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನು ಗುಮಾಸ್ತನಾಗಿದ್ದ ಅರಭಾವಿಯ ಕಾಲೇಜಿನಲ್ಲಿ ಮಂದಿ ನಡೆದು ಬಂದರೆ ತಾನೇ ಹತ್ತುವ ದೀಪಗಳಿದ್ದವು. ಅಂಥವನ್ನೇ ಮನೆತುಂಬ ಹಾಕಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಸ್ವಿಚ್ ಕಂಡರೆ ಅವ್ವ ಮತ್ತೆ ಕೈ ಚಾಚುತ್ತಾಳೆಂದು ಎಲೆಕ್ಟ್ರಿಷಿಯನ್ ಯಲ್ಲೇಶನಿಗೆ ಹೇಳಿ ಇದ್ದಬದ್ದ ಸ್ವಿಚ್ಚು, ಪ್ಲಗ್ಗು ಎಲ್ಲ ಕೀಳಿಸಿ, ಮೇಲೆ ಸಿಮೆಂಟು ಮೆತ್ತಿಸಿಬಿಟ್ಟ. ಕೇದಾರಿಯ ಪ್ರೀತಿಯೇ ಹಾಗೆ, ಮಾಡಿದರೆ ಒಂದು ಹಿಡಿ ಜಾಸ್ತಿಯೇ.

ಅಂದಿನಿಂದ ಆ ಮನೆಯಲ್ಲಿ ಸುಮ್ಮನೆ ಕೂತವರಿಗೆ ಬೆಳಕಿಲ್ಲ. ಅಕ್ಕಿ ಆರಿಸುವ ಕಾಶೆವ್ವ ನಡುನಡುವೆ ಮೊರ ಎತ್ತಿ ಆಡಿಸುತ್ತಿದ್ದಳು. ಪೇಪರ್ ಓದುವ ಕೇದಾರಿ ಆಗಾಗ ಎಡಗೈ ಎತ್ತಿ ಯಾರಿಗೋ ಟಾಟಾ ಮಾಡುತ್ತಿದ್ದ.

ಇವತ್ತಿನ ಮಾತು ಬೇರೆ. ಕಾರಹುಣ್ಣಿಮೆ ಕಳೆದ ಮೊದಲ ರವಿವಾರ ಮನೆ ನೋಡಲು ಬರುತ್ತಿದ್ದವನು ದಡ್ಡಿ ಊರಿನ ವೀರಪ್ಪ, ಕೇದಾರಿ ನೋಡಿ ಬಂದಿದ್ದ ಹುಡುಗಿ ಸುಜಾತಾಳ ಸೋದರಮಾವ. ತಂದೆಯಿಲ್ಲದ ಹುಡುಗಿಯನ್ನು ಎತ್ತಿ ಆಡಿಸಿ, ಓದಿಸಿ, ಹುಕ್ಕೇರಿಯ ಸಾಲಿಯಲ್ಲಿ ಪಿ.ಟಿ. ಟೀಚರ್ ಆಗುವವರೆಗೆ ಬೆಳೆಸಿದವನು. ಅವನದೊಂದು ಪದ್ಧತಿ. ಹೆಣ್ಣು ಕೊಡುವ ಮನೆಯ ದೇವರ ಕೋಣೆಯಲ್ಲಿ ಕೂತು ಲಿಂಗಪೂಜೆ ಮಾಡಬೇಕು, ಮಂಗಳಾರತಿ ಆದಮೇಲೇ ಹೌದು ಅಲ್ಲ ಹೇಳಬೇಕು. ಹಿಂದೆ ಮೂರು ಮನೆಗಳಲ್ಲಿ ಹೀಗೇ ಪೂಜೆಗೆ ಕೂತು, “ಯಾಕೋ ಮನಸ್ಸು ಒಪ್ಪವಲ್ದು” ಎಂದು ಎದ್ದು ಬಂದಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಅಂಥವನು ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ರೆಪ್ಪೆ ಅಲುಗಿಸದೆ ದೃಷ್ಟಿ ನಿಲ್ಲಿಸಿ ಕೂತಾಗ ನೆತ್ತಿಯ ಮೇಲಿನ ದೀಪ ಫಕ್ಕನೆ ಆರಿದರೆ? ದೇವರ ಮುಂದೆ ಎಣ್ಣೆಯ ಹಣತೆ ಮಿಣುಕುತ್ತಿದ್ದರೂ ಆರಿದ್ದು ಆರಿದ್ದೇ. ಅಪಶಕುನಕ್ಕೆ ಬೇರೆ ಹಲ್ಲಿ, ಬೆಕ್ಕು ಯಾಕೆ ಬೇಕು!

ಕೇದಾರಿಗೋ ಸುಜಾತಾ ಬೇಕಾಗಿತ್ತು. ಹುಡುಗಿ ನೋಡಲು ಹೋದ ದಿನ ಅವನು ಚಹಾವನ್ನೆಲ್ಲ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿಕೊಂಡಿದ್ದ. ಯಾರಾದರೂ ನೋಡುವುದರೊಳಗೆ ಆಕೆ ಬಂದು ಆ ಕಪ್-ಬಸಿ ತೆಗೆದುಕೊಂಡು ತುಂಬಿದ ಕಪ್ ಇಟ್ಟು ಹೋಗಿದ್ದಳು. ನಗಲಿಲ್ಲ, ಮಾತಾಡಲಿಲ್ಲ. ಮೂವತ್ತಾರು ವರ್ಷದಲ್ಲಿ ಕೇದಾರಿಯ ಮಾನವನ್ನು ಅಷ್ಟು ಮೆತ್ತಗೆ ಕಾಯ್ದವರು ಅವ್ವನ ನಂತರ ಅವಳೊಬ್ಬಳೇ. ಈ ಸಂಬಂಧ ತಪ್ಪಿದರೆ ತಾನು ಮತ್ತೊಂದು ಹುಡುಗಿ ನೋಡಲು ಹೋಗುವುದೇ ಇಲ್ಲವೆಂದು ಅವನು ಆಗಲೇ ಗಟ್ಟಿ ಮಾಡಿಕೊಂಡಿದ್ದ.

ಒದ್ದೆ ತಲೆಯಲ್ಲೇ ಯಲ್ಲೇಶನಿಗೆ ಫೋನು ಹಚ್ಚಿದ. ಯಲ್ಲೇಶ ಮೂಡಲಗಿಯಲ್ಲಿ ಯಾರದೋ ಲಗ್ನದ ಪೆಂಡಾಲಿಗೆ ಬಣ್ಣದ ದೀಪ ಕಟ್ಟುತ್ತಿದ್ದ.

“ಈಗ ಬರಾಕ ಆಗೂದಿಲ್ರಿ ಅಣ್ಣಾರ. ಸಂಜಿಕ ಬರ್ತೇನಿ.”

“ಸಂಜಿಕ ಬಂದು ನನ್ನ ಹಣೆಬರಹಕ್ಕ ಲೈಟ್ ಹಾಕ್ತಿ ಏನೋ? ಹಗ್ಗಕ್ಕ ಟವೆಲ್ ಕಟ್ಟಿ ಆಡಿಸಿದ್ರ ನಡೀತೈತೇನು?”

“ಟವೆಲ್ಲಿಗೆ ಅದು ಕಿಮ್ಮತ್ತು ಕೊಡೂದಿಲ್ರಿ. ಬಿಸಿ ಇರೋ ಜೀವ ಅಲುಗಾಡಬೇಕು.”

ಇಷ್ಟು ಹೊತ್ತಿಗೆ ಗೋಡೆಯಾಚೆಯ ಸಾವಿತ್ರವ್ವನಿಗೆ ಸುದ್ದಿ ಮುಟ್ಟಿತ್ತು. ಆ ಗೋಡೆ ಎಷ್ಟು ದಪ್ಪವಿದ್ದರೂ ಆಕೆಯ ಕಿವಿಗೆ ಅದೊಂದು ಪರದೆ. “ನಮ್ಮ ಮನಿಯಿಂದ ವೈರ್ ಎಳದು ಬಲ್ಬ್ ಕೊಡ್ತೇನಿ ತಗೋ ಕಾಶಕ್ಕ” ಎಂದಳು.

“ಬ್ಯಾಡ ನಮ್ಮವ್ವ. ಬೀಗರು ನೋಡಿದ್ರ ಬಿಲ್ ಕಟ್ಟದ ಮನಿ ಅಂತಾರ.”

ಎದುರುಮನೆಯ ಉದ್ದಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ತನ್ನ ಮನೆಗೆ ಹೋದ. ಹೋದವನು ತನ್ನ ಆಡಿನ ಮರಿಯನ್ನು ಬಗಲಲ್ಲಿ ಇಟ್ಟುಕೊಂಡು ಬಂದ. “ಬಿಸಿ ಇರೋ ಜೀವ ಬೇಕಂದ್ಯಲ್ಲ? ಇದು ಹುಟ್ಟಿದಾಗಿಂದ ಒಂದು ಗಳಿಗಿ ಸುಮ್ನ ನಿಂತಿಲ್ಲ. ಮೂಲ್ಯಾಗ ಕಟ್ಟು.”

“ದೇವರ ಖೋಲ್ಯಾಗ ಆಡು ಕಟ್ಟಬೇಕ?” ಎಂದು ಕಾಶೆವ್ವ ಎದೆಗೆ ಕೈ ಹಚ್ಚಿದಳು. ಕೇದಾರಿಗೆ ಮಾತ್ರ ಆಡಿನಲ್ಲಿ ಆ ಕ್ಷಣಕ್ಕೆ ದೇವರೇ ಕಂಡ. ಪರೀಕ್ಷೆಗೆಂದು ಒಳಗೆ ಬಿಟ್ಟು ಬಾಗಿಲು ಮುಂದೆ ಮಾಡಿದ. ದೀಪವೇನೋ ಆರಲಿಲ್ಲ. ಖುಷಿಯಿಂದ ಒಳಗೆ ಇಣುಕಿದರೆ ತಟ್ಟೆಯಲ್ಲಿದ್ದ ಬಿಲ್ವಪತ್ರೆಯಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಮರಿ ವಿಭೂತಿಯ ಗಟ್ಟಿಯನ್ನು ಮೂಸಿ ನೋಡುತ್ತಿತ್ತು.

“ಶಿವಭಕ್ತ ಮರಿ ಐತಿ” ಎಂದ ಉದ್ದಪ್ಪ.

ಸಾವಿತ್ರವ್ವ ತನ್ನ ಹಿತ್ತಲಿನ ಬಿಲ್ವದ ಗಿಡಕ್ಕೆ ಓಡಿದಳು, ಕಾಶೆವ್ವ ನೆಲ ಸಾರಿಸಿದಳು, ಉದ್ದಪ್ಪ ಮರಿಯನ್ನು ಹೊತ್ತು ಹಿಂದಿನ ಬಾಗಿಲಿನಿಂದ ಹೊರಬಿದ್ದ. ಮುಂದಿನ ಬಾಗಿಲಲ್ಲಿ ಜೀಪು ಹಾರ್ನ್ ಹೊಡೆಯಿತು.

ವೀರಪ್ಪ ಇಳಿದ. ಅಚ್ಚ ಬಿಳಿ ಧೋತರ, ಹಣೆತುಂಬ ವಿಭೂತಿ. ಹಿಂದೆಯೇ ಸುಜಾತಾ. ಮನೆ ನೋಡಲು ಹುಡುಗಿ ಬರುವ ಪದ್ಧತಿ ಇಲ್ಲವೆಂದು ಸಾವಿತ್ರವ್ವನ ಹುಬ್ಬು ಮೇಲೇರಿದ್ದನ್ನು ವೀರಪ್ಪ ಗಮನಿಸಿದ. “ಬಾಳೇ ಮಾಡಾಕಿ ಆಕಿ, ನೋಡಾಕಿನೂ ಆಕಿನ ಇರ್ಲಿ ಅಂತ ಕರಕೊಂಡು ಬಂದೇನ್ರಿ” ಎಂದ. ಕಾಲು ತೊಳೆದು ಒಳಗೆ ಬಂದಾಗ ಒಂದರ ಹಿಂದೊಂದು ದೀಪ ಹತ್ತಿದವು. ಅವನು ತಲೆ ಎತ್ತಿ ನೋಡಿದ.

“ಮೊದಲ ಪೂಜಾ. ಆಮ್ಯಾಲೆ ಊಟ.”

“ಪಡಸಾಲ್ಯಾಗ ಕೂಡಾಕ ಮಣಿ ಹಾಕ್ಲೇನ್ರಿ ಕಾಕಾರ? ಬೆಳಕು, ಗಾಳಿ ಚಲೋ ಐತಿ” ಎಂದು ಕೇದಾರಿ ಕೊನೆಯದೊಂದು ಯತ್ನ ಮಾಡಿದ.

“ದೇವರ ಖೋಲಿ ಇಟಗೊಂಡು ಪಡಸಾಲ್ಯಾಗ ಯಾಕ ತಮ್ಮಾ?”

ವೀರಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತ. ಮಜ್ಜನ, ವಿಭೂತಿ, ಪತ್ರೆ ಎನ್ನುವವರೆಗೆ ಅವನ ಕೈ ಆಡುತ್ತಿತ್ತು, ದೀಪ ಇತ್ತು. ಆಮೇಲೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಲಿಂಗದಲ್ಲಿ ಕಣ್ಣು ನೆಟ್ಟು, ಕಲ್ಲಾದ. ಹೊಸ್ತಿಲ ಒಳಗೆ ಬರಿಗಾಲಲ್ಲಿ ನಿಂತಿದ್ದ ಕೇದಾರಿ ಎದುರಿನ ಫೋಟೋದ ಬಸವಣ್ಣನನ್ನು ನೆನೆದು ಬಲಗೈ ಬೀಸತೊಡಗಿದ.

ಮೊದಮೊದಲು ಸುಲಭವಿತ್ತು. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಎರಡೂ ಕೈ. ಆಮೇಲೆ ಕುತ್ತಿಗೆ ತಿರುಗಿಸಿದ, ಸೊಂಟ ಬಳುಕಿಸಿದ, ಸದ್ದಾಗದಂತೆ ಕೂತು ಕೂತು ಎದ್ದ. ಬೆವರು ಇಳಿದು ಹೊಸ ಅಂಗಿ ಬೆನ್ನಿಗೆ ಅಂಟಿತು. ವೀರಪ್ಪ ಮಾತ್ರ ಏಳುವ ಲಕ್ಷಣವೇ ಇಲ್ಲ. ‘ಇವರ ಶಿವ ಏನು ಕೈಲಾಸದಿಂದ ನಡಕೋತ ಬರಾಕತ್ತಾನೋ’ ಎನ್ನಿಸಿತು ಕೇದಾರಿಗೆ. ಕೂಡಲೇ ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡ. ಅದೂ ಅಲುಗಾಟವೇ, ದೀಪಕ್ಕೆ ಒಳ್ಳೆಯದೇ ಆಯಿತು.

ಅಡುಗೆಮನೆಯಿಂದ ನೀರಿನ ತಂಬಿಗೆ ಹಿಡಿದು ಬಂದ ಸುಜಾತಾ ಬಾಗಿಲಲ್ಲಿ ಗಕ್ಕನೆ ನಿಂತಳು. ತನ್ನ ಮಾವನ ಬೆನ್ನ ಹಿಂದೆ, ತಾನು ಮದುವೆಯಾಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗಿದ್ದ ಗಂಡು, ಬಾಯಿ ತೆರೆದುಕೊಂಡು ಎರಡೂ ಕೈ ಆಕಾಶಕ್ಕೆ ಎಸೆಯುತ್ತಿದ್ದ. ಕೇದಾರಿಗೆ ನೆಲ ಬಿರಿಯಬಾರದೇ ಅನ್ನಿಸಿತು. ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ. ಬೀಸುತ್ತಲೇ ಕಣ್ಣಿನಿಂದ ಛಾವಣಿ ತೋರಿಸಿದ, ದೀಪ ತೋರಿಸಿದ, ವೀರಪ್ಪನ ಬೆನ್ನು ತೋರಿಸಿದ, ಕೈಮುಗಿದ, ಮತ್ತೆ ಬೀಸಿದ.

ಆಕೆ ಛಾವಣಿ ನೋಡಿದಳು. ಗೋಡೆಯ ಮೇಲಿನ ಸಿಮೆಂಟಿನ ತೇಪೆ ನೋಡಿದಳು. ಎಲ್ಲ ತಿಳಿದು ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟು ಒಳಗೆ ಬಂದು, ಅವನ ಭುಜ ಮೆಲ್ಲಗೆ ಮುಟ್ಟಿ ಬದಿಗೆ ಸರಿಸಿ ತಾನು ನಿಂತಳು. ಪಿ.ಟಿ. ಟೀಚರ್ ಅಲ್ಲವೇ! ಕೈ ಬದಿಗೆ, ಮೇಲಕ್ಕೆ, ಬದಿಗೆ, ಕೆಳಕ್ಕೆ. ಮೊಣಕೈ ಸಡಿಲ ಬಿಟ್ಟರೆ ಸೋಲುವುದಿಲ್ಲವೆಂದು ಮಾಡಿ ತೋರಿಸಿದಳು. ಒಂದಷ್ಟು ಹೊತ್ತು ಆಕೆ, ಒಂದಷ್ಟು ಹೊತ್ತು ಅವನು. ಅವನು ತಪ್ಪು ಮಾಡಿದರೆ ತಲೆಯಾಡಿಸಿ ತಿದ್ದಿದಳು. ಒಂದೂ ಮಾತಿಲ್ಲದೆ, ಯಾರಿಗೂ ಕಾಣದಂತೆ, ಇಬ್ಬರೂ ಎಷ್ಟೋ ಮಾತಾಡಿದರು.

ಬೀಸುವ ಸರದಿ ಅವನದೋ ಅವಳದೋ ಎನ್ನುವ ಹೊತ್ತಿನಲ್ಲಿ ಇಬ್ಬರ ಕಣ್ಣೂ ಕೂಡಿದವು. ಆಕೆಯ ಹಣೆಯ ಮೇಲೆ ಬೆವರಿನ ಹನಿ ಇತ್ತು. ಕೇದಾರಿ ನೋಡಿದ. ಆಕೆಯೂ ನೋಡಿದಳು. ತನ್ನ ಚಹಾದ ಬಸಿ ಎತ್ತಿಕೊಂಡ ಕೈ ಇದೇ ಎಂದುಕೊಂಡ. ಯಾರ ಕೈಯೂ ಆಡಲಿಲ್ಲ. ನೋಡುತ್ತಲೇ ನಿಂತರು, ನಿಂತೇ ನಿಂತರು.

ದೀಪ ಆರಿತು.

ಮುಗಿಯಿತು, ಎಲ್ಲ ಮುಗಿಯಿತು. ಕೇದಾರಿಗೆ ಕೈ ಎತ್ತಬೇಕೆಂಬುದೂ ಮರೆತು ಹೋಯಿತು. ಮಬ್ಬುಗತ್ತಲೆಯಲ್ಲಿ ಒಂದು ಉಸಿರು ಕೇಳಿಸಿತು, ಆಮೇಲೆ ವೀರಪ್ಪನ ಸಾವಕಾಶದ ದನಿ.

“ಯಾಕ ನಿಂತೀರಿ? ಬೀಸ್ರಿ, ಬೀಸ್ರಿ. ಇನ್ನೂ ಮಂಗಳಾರತಿ ಆಗಿಲ್ಲ.”

ನಾಲ್ಕು ಕೈ ಒಮ್ಮೆಲೇ ಮೇಲಕ್ಕೆ ಹಾರಿದವು.

ಮಂಗಳಾರತಿಯಾಗಿ ಪಡಸಾಲೆಗೆ ಬಂದು ಕೂತಮೇಲೆ ವೀರಪ್ಪ ಬಾಯಿಬಿಟ್ಟ. “ನಿಮ್ಮ ಮನಿ ಹೊಸ್ತಿಲ ದಾಟಿದ ಕೂಡ್ಲೇ ನನಗ ಗೊತ್ತಾತು ತಮ್ಮಾ. ನಮ್ಮ ಬ್ಯಾಂಕಿನ್ಯಾಗೂ ಇಂಥಾವ ಅದಾವು, ಪೆನ್ಶನ್ನಿಗೆ ಕುಂತ ಮುದುಕರೆಲ್ಲಾ ಕೈ ಬೀಸಿಕೋತ ಇರ್ತೇವಿ. ಬಸವಣ್ಣನ ಫೋಟೋದ ಗಾಜಿನ್ಯಾಗ ನಿನ್ನ ಕುಣಿತ ಪೂರಾ ಕಾಣ್ತಿತ್ತು. ನನ್ನ ಧ್ಯಾನ ಆಗಿ ಭಾಳ ಹೊತ್ತಾಗಿತ್ತು. ಎಷ್ಟೊತ್ತು ತಡೀತಿ ನೋಡೂಣು ಅಂತ ಬೇಕಂತನ ಕುಂತೆ.”

“ಬೇಕಂತನ?” ಎಂದ ಕೇದಾರಿ. ಅವನ ಭುಜಗಳು ಅಳುತ್ತಿದ್ದವು.

“ಹಿಂದಿನ ಮೂರು ಮನ್ಯಾಗೂ ಬೇಕಂತನ ಕುಂತೇನಿ. ನಾ ಬೆನ್ನ ಮಾಡಿದ ಕೂಡ್ಲೇ ಒಬ್ಬ ಮೊಬೈಲ್ ತಗದ, ಒಬ್ಬ ಆಕಳಿಸಿದ, ಇನ್ನೊಬ್ಬ ಹೊರಗ ನಿಂತು ‘ಮುದುಕ ಯಾವಾಗ ಏಳ್ತಾನೋ’ ಅಂದ. ಕಾಣದ ಕಡೆ ಮನಷಾ ಹೆಂಗಿರ್ತಾನು ಅದ ಖರೆ ಅಂವ.” ಅವನ ದನಿ ಸಣ್ಣಗಾಯಿತು. “ತಂದಿ ಇಲ್ಲದ ಕೂಸು ಇದು. ಇದರ ಬೆಳಕು ಆರಬಾರದು ಅಂತ ಕೈ ನೋವು ಮಾಡ್ಕೊಳ್ಳಾವ ಒಬ್ಬ ಬೇಕಾಗಿತ್ತು ನನಗ. ಸಿಕ್ಕ. ನನಗ ಒಪ್ಪಿಗಿ ಐತ್ರಿ ಅಕ್ಕಾರ.”

ಕಾಶೆವ್ವ ಕಣ್ಣೊರೆಸಿಕೊಂಡಳು. ಬಾಗಿಲ ಮರೆಯಲ್ಲಿದ್ದ ಸಾವಿತ್ರವ್ವ ಗಟ್ಟಿಯಾಗಿಯೇ ಅತ್ತಳು. ಕೇದಾರಿಗೆ ಕುಣಿಯಬೇಕೆನ್ನಿಸಿತು, ಆದರೆ ಕುಣಿತ ಇವತ್ತಿಗೆ ಸಾಕಷ್ಟು ಆಗಿತ್ತು.

“ಲಗ್ನ ದೀಪಾವಳಿ ಆದಮ್ಯಾಲೆ ಇಟಗೊಳ್ಳೂಣು” ಎಂದ ವೀರಪ್ಪ ಹೋಳಿಗೆ ಮುರಿಯುತ್ತ. “ಶ್ರಾವಣ ತಿಂಗಳು ಪೂರಾ ನನ್ನ ಪೂಜಾ ಇಲ್ಲೇ. ನಮ್ಮ ಮನ್ಯಾಗ ಹುಡುಗರ ಗದ್ದಲ, ಧ್ಯಾನ ಹತ್ತೂದಿಲ್ಲ.”

“ಬರ್ರಿ ಕಾಕಾರ, ನಿಮ್ಮದ ಮನಿ. ನಾಳೇನ ಯಲ್ಲೇಶನ ಕರಸಿ ಸ್ವಿಚ್ ಹಾಕಸ್ತೇನಿ.”

“ಏ, ಸ್ವಿಚ್ ಗಿಚ್ ಏನೂ ಬ್ಯಾಡ! ಬೆನ್ನ ಹಿಂದ ಒಬ್ಬ ನಮ್ಮ ಸಲುವಾಗಿ ಕೈ ಬೀಸಾಕತ್ತಾನ ಅಂದ್ರ ಧ್ಯಾನ ಎಷ್ಟು ಚಂದ ಹತ್ತತೈತಿ ಗೊತ್ತೈತೇನು? ಇಷ್ಟು ವರ್ಷದಾಗ ಇವತ್ತಿನಂಥಾ ಪೂಜಾ ನನಗ ಆಗಿಲ್ಲ.”

“ಇವರೂ... ಇವರೂ ಬರ್ತಾರೇನ್ರಿ, ಶ್ರಾವಣದಾಗ?” ಎಂದು ಕೇದಾರಿ ಸುಜಾತಾಳ ಕಡೆಗೆ ನೋಡದೆ ಕೇಳಿದ.

“ಸಂಬಂಧ ಗೊತ್ತಾದ ಹುಡುಗಿ ಲಗ್ನಕ್ಕಿಂತ ಮೊದಲ ಗಂಡನ ಮನಿಗೆ ಬರ್ತಾಳೇನೋ ಹುಚ್ಚಪ್ಪಾ? ನೀ ಒಬ್ಬನ ಬೀಸು.”

ಸುಜಾತಾ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕಳು.

ಜೀಪು ಹೊರಟಾಗ ಗಲ್ಲಿಯ ಮಂದಿಯೆಲ್ಲ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಸೀಟಿನಿಂದ ಸುಜಾತಾ ಕೈ ಹೊರಗೆ ಹಾಕಿ, ನಾಚಿಕೆ ಬಿಟ್ಟು, ಎಲ್ಲರೆದುರು ಬೀಸಿದಳು. ಕೇದಾರಿ ತಿರುಗಿ ಬೀಸಲೆಂದು ಕೈ ಎತ್ತಹೋದ. ಕೈ ಏಳಲಿಲ್ಲ. ಎಡಗೈ ನೋಡಿದ, ಅದೂ ಇಲ್ಲ. ಎರಡೂ ತೋಳು ಒದ್ದೆ ಹಗ್ಗದ ಹಾಗೆ ಜೋತುಬಿದ್ದಿದ್ದವು. ಇಡೀ ಮುಂಜಾನೆ ಕೈ ಬೀಸಿದ ಗಂಡು, ಬೀಸಬೇಕಾದ ಹೊತ್ತಿಗೆ ಕಂಬದಂತೆ ನಿಂತ.

“ಕೈ ಮಾಡೋ ಕೇದಾರಿ, ಹುಡುಗಿ ನೋಡಾಕತ್ತಾಳು!” ಎಂದು ಸಾವಿತ್ರವ್ವ ಚೀರಿದಳು. ಜೀಪು ತಿರುವಿನ ಹತ್ತಿರ ಬಂತು.

“ಆಗವಲ್ದವ್ವಾ” ಎಂದ ಕೇದಾರಿ, ಅಳುವ ದನಿಯಲ್ಲಿ.

ಕಾಶೆವ್ವ ಮಗನ ಮುಖ ನೋಡಿದಳು. ತನ್ನ ಮುರಿದು ಕೂಡಿದ ಕೈಯಿಂದಲೇ ಅವನ ಮಣಿಕಟ್ಟು ಹಿಡಿದು ಮೇಲೆತ್ತಿ, ಎಳೆಗೂಸಿಗೆ ಟಾಟಾ ಕಲಿಸುವ ಹಾಗೆ, ಜೀಪು ಮರೆಯಾಗುವವರೆಗೂ ಬೀಸಿದಳು.