ಗೆರೆಯಿಲ್ಲದ ಹೆಬ್ಬೆಟ್ಟು

ಹನೂರಿನ ನಾಗರಿಕ ಗುರುತು ಉಪಶಾಖೆಯ ಕಡತದ ಪ್ರಕಾರ ಪುಟ್ಟಮಾದಪ್ಪನಿಗೆ ಎರಡು ಕೈ, ಹತ್ತು ಬೆರಳು ಇದ್ದವು. ಪುಟ್ಟಮಾದಪ್ಪ ಮಾತ್ರ ಇರಲಿಲ್ಲ.

ಇದರಲ್ಲಿ ಕಡತದ ತಪ್ಪೇನಿಲ್ಲ. ಅವನು ಮೂವತ್ತು ವರ್ಷ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಕುದಿನೀರಿನಲ್ಲಿ ಕೈಯಾಡಿಸಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿದವನು. ಆ ನೂಲನ್ನು ನೆಟ್ಟಗೆ ಎಳೆದರೆ ಚಂದ್ರನಿಗೆ ಮೂರು ಸುತ್ತು ಹಾಕಿ, ಮಿಕ್ಕಿದ್ದರಲ್ಲಿ ಅವನೂರು ಬಂಡಳ್ಳಿಯ ಎಮ್ಮೆಗಳನ್ನೆಲ್ಲ ಕಟ್ಟಬಹುದಿತ್ತು. ಇದು ಕಡಿಮೆ ಮಾಡಿ ಹೇಳಿದ್ದು, ನಂಬದವರು ಹೋಗಿ ಅಳೆದುಕೊಳ್ಳಬಹುದು. ನೂಲಿನ ಜೊತೆ ಅವನ ಬೆರಳಿನ ಗೆರೆಗಳೂ ಬಿಚ್ಚಿಕೊಂಡು ಯಾರ್ಯಾರದೋ ಮದುವೆ ಸೀರೆಗೆ ಸೇರಿಹೋಗಿದ್ದವು.

ಹೀಗಿರಲಾಗಿ, ತಿಂಗಳ ಕೊನೆಯೊಳಗೆ ಹೆಬ್ಬೆಟ್ಟು ಒತ್ತದವರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಯಲಾಗುವುದೆಂದು ಪ್ರಕಟಣೆ ಬಂತು. ಪುಟ್ಟಮಾದಪ್ಪ ಹೋಗಿ ಒತ್ತಿದ. ಯಂತ್ರ ಕೆಂಪು ದೀಪ ಹಾಕಿತು.

"ನೀನು ನೀನಲ್ಲ ಅಂತ ತೋರಿಸ್ತಿದೆ," ಎಂದರು ಅಧಿಕಾರಿ ಶಿವಶಂಕರ, ಸಂತಾಪದಿಂದ.

"ನಾನೇ ಕಣ್ ಸಾ. ಬೇಕಾರೆ ನಮ್ಮೆಂಗಸ್ನ ಕೇಳಿ."

ಜೊತೆಗೆ ಬಂದಿದ್ದ ಹೆಂಡತಿ ಚಿಕ್ಕನಿಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ನೇ ಕಣ್ ಸಾ. ಬೇರೆಯವ್ನಾಗಿದ್ರೆ ಇಷ್ಟ್ ವರ್ಸ ನಾನ್ಯಾಕೆ ಬಯ್ತಿದ್ದೆ?"

"ಬೈಗುಳವನ್ನು ದಾಖಲೆಯಾಗಿ ಪರಿಗಣಿಸಲು ಅವಕಾಶವಿಲ್ಲಮ್ಮ."

ಅದೇ ವಾರ ಉಪಶಾಖೆಯ ಜಗಲಿಯಲ್ಲಿ, ಮೇಲಿನವರ ಆದೇಶದ ಮೇರೆಗೆ, 'ಸಮಕಾಲೀನ ಕಲೆಯಲ್ಲಿ ಪೌರತ್ವ' ಎಂಬ ಪ್ರದರ್ಶನ ಏರ್ಪಟ್ಟಿತ್ತು. ಮೈಸೂರಿನಿಂದ ಬಂದಿದ್ದ ಕಲಾವಿದೆ ಪುಷ್ಪ ಅವನ ಹೆಬ್ಬೆಟ್ಟು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಹೀಗಾಗೋಕೆ ಎಷ್ಟು ದಿನ ಹಿಡೀತು?"

"ಮೂವತ್ತೊರ್ಸ ಕಣವ್ವ."

ಅವಳು ಆ ಬೆರಳಿಗೆ ಮಸಿ ಬಳಿದು ಕಾಗದಕ್ಕೆ ಒತ್ತಿಸಿ, ಮೂಡಿದ ನುಣ್ಣನೆಯ ಕಪ್ಪು ಮಚ್ಚೆಗೆ ಕಟ್ಟು ಹಾಕಿಸಿ, ಕೆಳಗೆ ಬರೆದಳು: 'ಪ್ರಜೆ. ಮಾಧ್ಯಮ: ಮಸಿ, ಬಿಸಿನೀರು, ಮೂವತ್ತು ವರ್ಷ.'

ಉದ್ಘಾಟಿಸಿದ ಗಣ್ಯರು ಇದರಲ್ಲಿ ಇಡೀ ದೇಶ ಕಾಣುತ್ತದೆ ಎಂದರು. ಪುಟ್ಟಮಾದಪ್ಪ ಬಗ್ಗಿ ನೋಡಿದ. ಅವನಿಗೆ ಪಕ್ಕದೂರು ಅಜ್ಜೀಪುರವೂ ಕಾಣಲಿಲ್ಲ.

ಕೃತಿಗೆ ಮೊದಲ ಬಹುಮಾನ ಬಂತು. ಬಹುಮಾನ ಬಂದ ಕೃತಿಗೆ ನೈಜತಾ ಪ್ರಮಾಣಪತ್ರ ಕೊಡಬೇಕೆಂಬ ನಿಯಮವಿದ್ದುದರಿಂದ ಶಿವಶಂಕರರು 'ಈ ಹೆಬ್ಬೆಟ್ಟು ಪುಟ್ಟಮಾದಪ್ಪನದೇ' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು.

"ಸಾ, ನೀವೇ ಬರ್ದಿದ್ದೀರಿ. ಈಗ ನನ್ನೆಸ್ರು ಉಳಿಸ್ಕೊಡಿ."

ಶಿವಶಂಕರರು ನಿಯಮಗಳನ್ನು ತಿರುವಿ ಹಾಕಿದರು. "ನಿಮ್ಮ ಬಗ್ಗೆ ಇನ್ನೂ ಅನುಮಾನವಿದೆ. ಚಿತ್ರದ ಬಗ್ಗೆ ಇಲ್ಲ. ಚಿತ್ರ ಬಂದರೆ ಅಕ್ಕಿ ಕೊಡಲು ಅಡ್ಡಿಯಿಲ್ಲ."

ಪುಷ್ಪ ಚಿತ್ರವನ್ನು ಅವನಿಗೇ ಕೊಟ್ಟು ಹೋದಳು. ಪಡಿತರ ಚೀಟಿ ತಿದ್ದಲಾಯಿತು. ಸದಸ್ಯರು: ಚಿಕ್ಕನಿಂಗಮ್ಮ, ಒಂದು; ಕಟ್ಟು ಹಾಕಿದ ಚಿತ್ರ, ಒಂದು. ಪ್ರತಿ ತಿಂಗಳು ಚಿತ್ರ ಅಕ್ಕಿ ತರಲು ಹೋಗುತ್ತಿತ್ತು. ಚೀಲ ಹೊರಲು ಪುಟ್ಟಮಾದಪ್ಪ ಜೊತೆಗಿರುತ್ತಿದ್ದ. ಬಹುಮಾನಿತನಾದ ಮೇಲೆ ಅವನು ಕುದಿನೀರಿಗೆ ಕೈ ಹಾಕುವುದನ್ನು ಬಿಟ್ಟಿದ್ದ.

ಐದನೆಯ ತಿಂಗಳು ಸುಮ್ಮನೆ ಯಂತ್ರದ ಮೇಲೆ ಬೆರಳಿಟ್ಟ. ಹಸಿರು ದೀಪ. ಹರೆಯದಲ್ಲಿ ಕಡತಕ್ಕೆ ಒತ್ತಿದ್ದ ಗೆರೆಗಳೇ ಮರಳಿ ಬಂದಿದ್ದವು. ಪರದೆಯ ಮೇಲೆ ಅವನ ಹೆಸರು, ಅವರಪ್ಪನ ಹೆಸರು, ಊರು ಎಲ್ಲ ಮೂಡಿದವು.

"ನೋಡಿ ಸಾ, ನಾನು ಬಂದ್ಬುಟ್ಟೆ," ಎಂದ.

ಶಿವಶಂಕರರು ಬೆರಳನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ಮೂಲದಲ್ಲಿ ಗೆರೆಗಳಿಲ್ಲ. ಈ ಬೆರಳು ನಕಲಿ."

ಮರುದಿನವೇ ನೋಟಿಸು ಬಂತು: 'ಪ್ರಮಾಣೀಕೃತ ಪ್ರಜೆಯಾದ ತಾವು ತಮ್ಮ ಬೆರಳಿನ ಮೇಲೆ ಅನಧಿಕೃತವಾಗಿ ಗೆರೆಗಳನ್ನು ಬೆಳೆಸಿರುವುದು ಗಮನಕ್ಕೆ ಬಂದಿದೆ. ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಚಿತ್ರದ ಅಕ್ಕಿ ನಿಲ್ಲಿಸಲಾಗುವುದು.'

ಚಿಕ್ಕನಿಂಗಮ್ಮ ಒಲೆಯ ಮೇಲೆ ನೀರಿಟ್ಟಳು. ಕುದಿ ಬಂದ ಮೇಲೆ ಕರೆದಳು.

"ಬಾರಪ್ಪ ಪ್ರಜೆ. ಕೈ ಅದ್ದು."

ಏಳನೆಯ ದಿನ ಯಂತ್ರ ಕೆಂಪು ದೀಪ ಹಾಕಿತು. ಶಿವಶಂಕರರು ಎದ್ದು ನಿಂತು, ಊದಿದ ಆ ಕೈಯನ್ನು ಹುಷಾರಾಗಿ ಕುಲುಕಿದರು.

"ಅಭಿನಂದನೆ. ಈಗ ನೀವು ನೀವೇ."