ಟಾಕಿಯ ಕುರುಡು ಮೀನು

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ನಾನು ಧೈರ್ಯವಾಗಿ ಹೇಳುವ ಸಂಗತಿ ಇದೊಂದೇ. ಸಿಂದಗಿಯ ಬಸ್ಸು ತಡವಾದರೆ ಚಿಂತೆ. ಹೊತ್ತಿಗೆ ಸರಿಯಾಗಿ ಬಂದರೆ, ಇದು ನಿನ್ನೆಯ ಬಸ್ಸಿರಬಹುದೇ ಎಂದು ಇನ್ನೊಂದು ಚಿಂತೆ.

ಎಪ್ಪತ್ತರ ದಶಕದಲ್ಲಿ, ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ, ಈ ಚಿಂತೆಗಳ ಜೊತೆಗೆ ಒಂದು ಮೀನೂ ಸೇರಿಕೊಂಡಿತು. ಸೊಳ್ಳೆಮರಿ ತಿನ್ನಲೆಂದು ಮಲೇರಿಯಾದವರು ನಮ್ಮ ಹಿತ್ತಲಿನಲ್ಲಿ ಮನೆಬಳಕೆಯ ನೀರು ತುಂಬಿಡುವ ಕಲ್ಲಿನ ಟಾಕಿಯಲ್ಲಿ ಬಿಟ್ಟುಹೋದ ಬೆರಳುದ್ದದ ಮೀನು. ಎರಡೂ ಕಣ್ಣಿಗೆ ಬಿಳಿ ಪೊರೆ ಕಟ್ಟಿ ಅದು ಪೂರಾ ಕುರುಡಾಗಿತ್ತು. ನಾವೋ ಕಾಯಿಪಲ್ಯೆಯ ಮಂದಿ. ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಮೀನು ಮುಟ್ಟಿದವರಲ್ಲ. ಅದೇ ಹೊತ್ತಿಗೆ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತನಕ್ಕೆ ಮನಗೂಳಿಯಿಂದ ನಮ್ಮ ಅತ್ತೆ ಬರುವವರಿದ್ದರು. ಮೀನಾಡಿದ ನೀರೆಂದು ತಿಳಿದರೆ ಅವರು ಬಂದ ಬಸ್ಸಿಗೇ ತಿರುಗಿ ಹೋಗುತ್ತಾರೆ, ಆಮೇಲೆ ಮಗಳ ಗತಿಯೇನು ಎಂಬುದು ನನ್ನ ಲೆಕ್ಕ.

ಹೆಂಡತಿ ಅಪ್ಪಣೆ ಮಾಡಿದಳು: "ಅವ್ವ ಬರೂದರಾಗ ಟಾಕಿ ತೊಳೀಬೇಕ್ರಿ. ಮೀನೂ ಸಾಯಬಾರದು. ಬಸರಿ ಇರೂ ಮನ್ಯಾಗ ಜೀವಾ ತಗೀಬಾರದು. ಹಿಡದು ಮುಂದಿನ ಬಾವ್ಯಾಗ ಬಿಡ್ರಿ."

"ಕುರುಡು ಮೀನು. ಹಿಡಿಯೂದೇನು ದೊಡ್ಡ ಮಾತು?" ಎಂದೆ.

ದೊಡ್ಡ ಮಾತೇ ಆಗಿತ್ತು. ಮೀನಿನ ಎರಡೂ ಮಗ್ಗುಲಿಗೆ ಒಂದೊಂದು ಗೆರೆಯಿದೆ. ನೀರಿನ ಸಣ್ಣ ನೂಕೂ ಅದಕ್ಕೆ ತಟ್ಟುತ್ತದೆ. ಗೋಡೆ ಹತ್ತಿರವಾದರೆ ನೀರಿನ ಹರಿವು ಬದಲಾಗಿ, ಕಾಣದ ಮೀನಿಗೂ ಗೋಡೆ ಗೊತ್ತಾಗುತ್ತದೆ. ಇದನ್ನೆಲ್ಲ ವರ್ಷವರ್ಷವೂ ಕಲಿಸುವವನು ನಾನೇ. ಆದರೆ ಕಲಿಸುವಾಗ ಮೀನಿನ ಪಕ್ಷದಲ್ಲಿರುತ್ತಿದ್ದೆ, ಈಗ ಎದುರು ಪಕ್ಷ. ನನ್ನ ಕೈಗಿಂತ ಮೊದಲೇ ನೀರು ಓಡಿಹೋಗಿ "ಮಾಸ್ತರು ಬಂದ್ರು" ಎಂದು ಸುದ್ದಿ ಮುಟ್ಟಿಸುತ್ತಿತ್ತು.

ಮಗಳು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಸಾಕು ಮಾಡೋ! ನಕ್ಕು ನಕ್ಕು ಇಲ್ಲೇ ಹಡದೇನು!" ನನಗೆ ಅದೂ ಒಂದು ಚಿಂತೆಯಾಯಿತು.

ಕೊನೆಗೆ ಶಾಸ್ತ್ರೀಯವಾಗಿ ಯೋಚಿಸಿದೆ. ನೀರು ಅಲುಗದಿದ್ದರೆ ಮೀನಿಗೆ ಸುದ್ದಿಯಿಲ್ಲ. ಹಿತ್ತಾಳೆಯ ಚರಗಿಯನ್ನು ನೀರಿನಲ್ಲಿ ಅಡ್ಡ ಹಿಡಿದು ಕಲ್ಲಾಗಿ ನಿಂತೆ. ಆದರೆ ಚಿಂತೆಯವನಿಗೆ ಕಲ್ಲಾಗುವುದು ಸುಲಭವೇ? ಬಸ್ಸು ಬಂತೇ, ಸೂಲಗಿತ್ತಿ ಊರಲ್ಲಿದ್ದಾಳೆಯೇ ಎಂದು ನೆನೆದಾಗಲೆಲ್ಲ ಕೈ ನಡುಗುತ್ತಿತ್ತು, ಮೀನು ಆಚೆ ಮೂಲೆ ಸೇರುತ್ತಿತ್ತು. ಅಷ್ಟರಲ್ಲಿ ಮುಂಬಾಗಿಲಿನಿಂದ ಅತ್ತೆಯ ದನಿ ಬಂತು: "ಯಾರದೀರೆವ್ವಾ ಮನ್ಯಾಗ?"

ನನ್ನ ಉಸಿರು, ಕೈ, ಟಾಕಿಯ ನೀರು ಎಲ್ಲ ಒಮ್ಮೆಲೇ ನಿಂತವು. ಮೀನು ನೆಟ್ಟಗೆ ಚರಗಿಯೊಳಗೆ ಬಂತು.

ಬಾವಿಗೆ ಬಿಡಲು ಓಡಿದೆ. ಹೊಸ್ತಿಲಲ್ಲೇ ಅತ್ತೆ. ನಮ್ಮ ಕಡೆ ಊರಿನಿಂದ ಬಂದವರಿಗೆ ಮೊದಲು ಒಂದು ಚರಗಿ ನೀರು ಕೊಡುವುದು ಪದ್ಧತಿ. ಅತ್ತೆಗೂ ಕಣ್ಣಿಗೆ ಪೊರೆ ಬಂದು ಜಗತ್ತೆಲ್ಲ ಮಂಜಾಗಿತ್ತು. ಎದುರಿಗಿರುವುದು ಅಳಿಯ, ಹೊಳೆಯುವುದು ಚರಗಿ ಎನ್ನುವಷ್ಟು ಮಾತ್ರ ಕಾಣುತ್ತಿತ್ತು.

"ಅಳಿಯಂದ್ರು ತಾವಾ ನೀರು ತಂದಾರ! ಕೊಡ್ರಿ ಇಲ್ಲೆ" ಎಂದು ಚರಗಿ ಹಿಡಿದರು. ನಾನು ಬಿಡಲಿಲ್ಲ.

"ಇದು ಬ್ಯಾಡ್ರಿ, ಬ್ಯಾರೆ ತರ್ತೇನಿ."

"ಯಾಕ? ಏನೈತಿ ಇದರಾಗ? ನೀರು ಒಂದಾ ಸವನ ನಡಗೂದು ಕೈಗೆ ತಿಳೀತೈತಿ!"

ನಾನು ಮೀನು, ಟಾಕಿ, ಸೊಳ್ಳೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ನಕ್ಕರು. "ಮೀನಾ? ನಮ್ಮ ಟಾಕ್ಯಾಗೂ ಅದಾವ. ಪಾಪ, ಅದು ಸುಮ್ಮನ ಕುಂತೈತಿ ಅಳಿಯಂದ್ರ. ನಡಗಾಕತ್ತಿದ್ದು ನಿಮ್ಮ ಕೈ!"

ಮೀನು ಮರಳಿ ಟಾಕಿಗೆ ಹೋಯಿತು, ಅತ್ತೆ ಉಳಿದರು. ಅದೇ ವಾರ ಮೊಮ್ಮಗಳು ಹುಟ್ಟಿದಳು. ಬಟ್ಟೆಯಲ್ಲಿ ಸುತ್ತಿ, ಇನ್ನೂ ಕಣ್ಣು ಬಿಡದ ಆ ಕೂಸನ್ನು ಅತ್ತೆ ನನ್ನ ಕೈಗಿಟ್ಟರು. ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದ ಕೂಸು ಚಿಟ್ಟನೆ ಚೀರಿತು.

"ಅಕಿಗೂ ನಿಮ್ಮ ಕೈ ಗೊತ್ತಾತು ನೋಡ್ರಿ" ಎಂದು ಅತ್ತೆ ತಿರುಗಿ ಎತ್ತಿಕೊಂಡರು.

ನಾನಿನ್ನೂ ಆಕೆಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಆಕೆ ಮಾತ್ರ, ಕಣ್ಣು ಮುಚ್ಚಿಕೊಂಡೇ, ನನ್ನನ್ನು ಪೂರಾ ನೋಡಿ ಮುಗಿಸಿದ್ದಳು.