ಐಸ್ ಇಟ್ಟು ಹಲ್ಲು ಕಿತ್ತ ಶುಕ್ರವಾರ

1984ರಲ್ಲಿ, ಅಪ್ಪ ತೀರಿಕೊಂಡ ಮಳೆಗಾಲದಲ್ಲಿ, ನಾನು ಎಂಟನೇ ತರಗತಿಗೆ ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ದೋಹಾಕ್ಕೆ ಬಂದು ಎಸಿ ಮೆಕ್ಯಾನಿಕ್ ಆದೆ, ಸೂಪರ್‌ವೈಸರ್ ಆದೆ. ಓಲ್ಡ್ ಏರ್‌ಪೋರ್ಟ್ ಏರಿಯಾದಲ್ಲಿ ನನ್ನ ಕೈಗೆ ಬಗ್ಗದ ಯಂತ್ರವಿಲ್ಲ ಎಂಬ ಖ್ಯಾತಿ ನನಗಿತ್ತು. ಅದನ್ನು ಹರಡಿದವನೂ ನಾನೇ!

2008ರ ಬೇಸಿಗೆಯಲ್ಲಿ ಊರಿನಲ್ಲಿ ತಂಗಿ ಶೋಭಾಳ ಮದುವೆ ನಿಶ್ಚಯವಾಯಿತು. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆಯಬೇಕಾದವನು ನಾನು. ವಿಮಾನದ ಟಿಕೆಟ್ ಆಯಿತು, ರೇಷ್ಮೆ ಪಂಚೆ ಬಂತು. ಅಷ್ಟರಲ್ಲಿ ಕೆಳಗಿನ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಯಿತು.

ಗಲ್ಫಿನಲ್ಲಿರುವ ನಮ್ಮವರದೊಂದು ಪದ್ಧತಿ ಇದೆ. ಹಲ್ಲು, ಕಣ್ಣು, ಮೂಲವ್ಯಾಧಿ ಎಲ್ಲವನ್ನೂ ವರ್ಷವಿಡೀ ಜೋಪಾನವಾಗಿ ಕಾದಿಟ್ಟು, ರಜೆಯಲ್ಲಿ ಊರಿನ ಡಾಕ್ಟರಿಗೆ ಒಪ್ಪಿಸುವುದು. ಸೆಂಟು, ಚಾಕೊಲೇಟಿನ ಜೊತೆಗೆ ಅದೂ ಒಂದು ಲಗೇಜು.

"ಹೆಲ್ತ್ ಕಾರ್ಡ್ ಉಂಟಲ್ಲ, ಇಲ್ಲಿಯೇ ತೋರಿಸಿ ಮಾರಾಯ್ರೆ" ಎಂದಳು ಹೆಂಡತಿ ವಸಂತಿ.

"ಮುಂದಿನ ವಾರ ಊರಿಗೆ ಹೋಗ್ಲಿಕ್ಕೆ ಉಂಟು. ಅಲ್ಲಿ ತೋರಿಸುವ."

ಆ ಶುಕ್ರವಾರ ಮಧ್ಯಾಹ್ನ ಮೇಲಿನ ಮನೆಯ ರಾಬರ್ಟ್ ಒಂದು ಸಿನಿಮಾ ತಂದು ನನ್ನನ್ನು ತಮ್ಮ ಮನೆಗೆ ಕರೆದರು. ಕಂಪನಿಯೊಂದರಲ್ಲಿ ಅಕೌಂಟೆಂಟ್, ಓದಿದ ಮನುಷ್ಯ. ಅಮೆರಿಕದ ಆಸ್ಪತ್ರೆ, ಇನ್ಶೂರೆನ್ಸ್ ಕಂಪನಿಗಳ ಬಂಡವಾಳ ಬಯಲು ಮಾಡುವ ಸಾಕ್ಷ್ಯಚಿತ್ರ ಅದು. ಕಥೆಯಿಲ್ಲ, ಹಾಡಿಲ್ಲ, ಫೈಟಿಂಗ್ ಇಲ್ಲ. ಇದ್ದದ್ದು ಆಸ್ಪತ್ರೆಯ ಬಿಲ್ಲಿಗೆ ಮನೆ ಕಳೆದುಕೊಂಡು ಅಳುವ ಜನ ಮಾತ್ರ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ರಾಬರ್ಟ್ ನಡುನಡುವೆ ಬಿಡಿಸಿ ಹೇಳಿದರು. ಒಬ್ಬ ಅಜ್ಜ ಮಾತ್ರೆಯನ್ನು ಬ್ಲೇಡಿನಲ್ಲಿ ಎರಡು ತುಂಡು ಮಾಡಿ, ಅರ್ಧ ನುಂಗಿ, ಇನ್ನರ್ಧವನ್ನು ಮರುದಿನಕ್ಕೆ ಎತ್ತಿಡುತ್ತಿದ್ದ. ಅದನ್ನು ನೋಡಿ ನನಗೆ ಆಸ್ಪತ್ರೆಯ ಹೆದರಿಕೆ ಹತ್ತಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ನೋಡಿದಿರಾ! ಆಸ್ಪತ್ರೆಯ ಬಾಗಿಲು ದಾಟಿದರೆ ಮನುಷ್ಯ ಖಲಾಸ್!"

"ಅದು ಅಮೆರಿಕ, ಶೇಖರಣ್ಣ. ಇಲ್ಲಿ ಸರ್ಕಾರದ ಹೆಲ್ತ್ ಕಾರ್ಡ್ ತೋರಿಸಿದ್ರೆ ಆಯ್ತು" ಎಂದರು ರಾಬರ್ಟ್.

"ಎಲ್ಲ ಕಡೆಯೂ ಒಂದೇ! ಹಲ್ಲು ಅಂತ ಹೋದ್ರೆ ಬಿಪಿ ಅಂತಾರೆ, ಶುಗರ್ ಅಂತಾರೆ, ಮಲಗಿಸ್ತಾರೆ. ಮತ್ತೆ ಧಾರೆ ಯಾರು ಎರೆಯುವುದು, ನೀವಾ?"

ರಾಬರ್ಟ್ ಎದ್ದು ಟಿವಿ ಆರಿಸಿದರು. ವಾದದಲ್ಲಿ ಗೆದ್ದೆ. ನನ್ನ ಸರ್ವನಾಶ ಶುರುವಾದದ್ದು ಆ ಗೆಲುವಿನಿಂದ.

ಮನೆಗೆ ಬಂದವನೇ ಬಚ್ಚಲಿನ ಬಾಗಿಲು ಹಾಕಿಕೊಂಡೆ. ಕೆಟ್ಟ ಪಾರ್ಟನ್ನು ತೆಗೆದುಬಿಟ್ಟರೆ ಮೆಷಿನ್ ಸರಿಯಾಗುತ್ತದೆ. ಇದು ನನ್ನ ಇಪ್ಪತ್ತು ವರ್ಷದ ಅನುಭವ. ನೋವು ಗೊತ್ತಾಗದಂತೆ ದವಡೆಗೆ ಐಸ್ ತುಂಬಿದೆ. ತಂಪು ಮಾಡುವುದು ನನ್ನ ಕಸುಬಲ್ಲವೇ? ಅಲ್ಲಿಯೇ ಎಡವಟ್ಟಾಯಿತು. ಇಡೀ ಸಾಲು ಮರಗಟ್ಟಿತು. ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ಹೇಳಲು ಒಂದು ಹಲ್ಲೂ ಬಾಯಿ ಬಿಡಲಿಲ್ಲ! ಅಂದಾಜಿನಲ್ಲಿ ಒಂದಕ್ಕೆ ಇಕ್ಕಳ ಹಾಕಿ ಎಳೆದೆ.

ಕಟಕ್ ಎಂದಿತು. ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಹೊಳೆಯುತ್ತಿತ್ತು. ಒಳ್ಳೆಯ ಹಲ್ಲು!

"ಬಾಗಿಲು ತೆಗೀರಿ! ಒಳಗೆ ಎಂಥ ಮಾಡ್ತಿದ್ದೀರಿ?" ಎಂದು ವಸಂತಿ ಬಾಗಿಲು ಬಡಿದಳು.

"ರಿಪೇರಿ" ಎಂದೆ, ರಕ್ತ ಉಗಿಯುತ್ತಾ.

ಆಮೇಲೂ ನಾನು ಆಸ್ಪತ್ರೆಗೆ ಹೋಗಲಿಲ್ಲ. ಮಾನ ಎಂಬುದೊಂದಿದೆಯಲ್ಲ! ಕೆಲವೇ ದಿನಗಳಲ್ಲಿ ಮುಖ ಬನ್ನಿನಂತೆ ಉಬ್ಬಿತು, ಜ್ವರ ಏರಿತು, ಬಾಯಿ ತೆರೆಯದಾಯಿತು. ಕೊನೆಗೆ ರಾಬರ್ಟೇ ಕಾರಿನಲ್ಲಿ ಹಾಕಿಕೊಂಡು ಹೋದರು. ಕೌಂಟರಿನಲ್ಲಿ ಕಾರ್ಡ್ ನೋಡಿ ಒಳಗೆ ಕಳುಹಿಸಿದರು. ಮನೆ ಬರೆದುಕೊಡು ಎಂದು ಯಾರೂ ಕೇಳಲಿಲ್ಲ.

ಮಲಯಾಳಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಹಿಂದಿಯಲ್ಲಿ ಕೇಳಿದರು: "ಈ ಕೆಲಸ ಮಾಡಿದ ಡಾಕ್ಟರ್ ಯಾರು?"

ವಸಂತಿ ನನ್ನತ್ತ ಬೆರಳು ತೋರಿಸಿದಳು.

ಅವರು ನಗಲಿಲ್ಲ. ನಂಜು ಕುತ್ತಿಗೆಗೆ ಇಳಿಯುತ್ತಿದೆ, ಇನ್ನೂ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಮುರಿದದ್ದು, ಕೆಟ್ಟದ್ದು ಎರಡನ್ನೂ ತೆಗೆಯಬೇಕು, ಅಡ್ಮಿಟ್ ಆಗಬೇಕು, ವಿಮಾನ ಹತ್ತುವಂತಿಲ್ಲ ಎಂದರು. ಮೊದಲೇ ಬಂದಿದ್ದರೆ ಒಂದು ಗಳಿಗೆಯ ಕೆಲಸವಾಗಿತ್ತಂತೆ! ಆಸ್ಪತ್ರೆ ನನ್ನನ್ನು ಮಲಗಿಸುತ್ತದೆ ಎಂದು ಹೆದರಿದ್ದೆ. ನಾನೇ ಶ್ರಮಪಟ್ಟು ಮಲಗಿದೆ.

ಮದುವೆಯ ದಿನ ಬೆಳಿಗ್ಗೆ ವಾರ್ಡಿಗೆ ಶೋಭಾಳ ಫೋನು ಬಂತು. ವಸಂತಿ ಅದನ್ನು ನನ್ನ ಕಿವಿಗೆ ಹಿಡಿದಳು.

"ಅಣ್ಣಾ, ಮಂಟಪಕ್ಕೆ ಕರೀತಿದ್ದಾರೆ. ನಿನ್ನ ಬದಲು ದೊಡ್ಡಪ್ಪನ ಮಗ ಸುರೇಶಣ್ಣ ಧಾರೆ ಎರೀತಾನೆ. ಏನಾದ್ರೂ ಹೇಳು."

ಎಷ್ಟೋ ವರ್ಷದಿಂದ ಕೂಡಿಟ್ಟ ಮಾತಿತ್ತು. ಹತ್ತಿ ತುರುಕಿದ ಬಾಯಿಂದ ಹೊರಗೆ ಬಂದದ್ದು "ಊಂ."

ಅವಳು ಕಾದಳು. ಹಿಂದೆ ವಾದ್ಯ ಕೇಳುತ್ತಿತ್ತು.

"ಊಂ" ಎಂದೆ ಮತ್ತೊಮ್ಮೆ. ಅವಳು ಅಳುತ್ತಾ ಫೋನಿಟ್ಟಳು.

ಈಗ ನನ್ನಲ್ಲಿರುವುದು ಇಷ್ಟು: ಮಡಿಕೆ ಬಿಚ್ಚದ ಒಂದು ರೇಷ್ಮೆ ಪಂಚೆ, ನಾನಿಲ್ಲದ ಒಂದು ಮದುವೆ ಆಲ್ಬಮ್, ಹಲ್ಲಿನ ಸುದ್ದಿ ಬಂದಾಗಲೆಲ್ಲ ಇಕ್ಕಳ ಅಡಗಿಸಿಡುವ ಒಬ್ಬಳು ಹೆಂಡತಿ, ಮೂವತ್ತು ಹಲ್ಲು.